ಸಿ ಕಾರ್ಡ್‌ನೊಳಗಿನ ತಂಬೂರ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಉಕುಲೇಲೆ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯ ಕಲಿಯುವವರ ಮುಂದೆ ಆಡಿದ ಮಾತುಗಳಿವು. ಅಲ್ಲಿ ನುಡಿಸಿ ತೋರಿಸಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಉಕುಲೇಲೆ ತಂದವರು ಚೀಲದಿಂದ ಹೊರಗೆ ತೆಗೆಯಿರಿ. ತರದವರು ಸುಮ್ನೆ ಕಿವಿ ಕೊಟ್ಟರೆ ಸಾಕು.

ಮೊದಲು ಸಿ ಕಾರ್ಡ್ ಹಿಡಿಯಿರಿ. ಕಾರ್ಡ್ ಅಂದರೆ ಕೆಲವು ಸ್ವರ ಒಟ್ಟಿಗೆ ನುಡಿಯುವ ಹಾಗೆ ಬೆರಳಿಡುವ ಹಿಡಿತ. ಮೊದಲ ದಿನ ಎಲ್ಲರೂ ಕಲಿಯೋದು ಇದನ್ನೇ. ಮೇಲಿನಿಂದ ಕೆಳಕ್ಕೆ ತಂತಿಗಳ ಹೆಸರು ಜಿ, ಸಿ, ಇ, ಎ. ಎ ತಂತಿಯ 3ನೇ ಫ್ರೆಟ್ (ವಾದ್ಯದ ಕತ್ತಿನ ಮೇಲಿನ ಅಡ್ಡಪಟ್ಟಿ) ಮೇಲೆ ಉಂಗುರ ಬೆರಳು, ಉಳಿದ ಮೂರು ತಂತಿ ಖಾಲಿ. ಈಗ ಬಲಗೈಯಿಂದ ಸ್ಟ್ರಮ್ ಮಾಡಬೇಡಿ, ಅಂದರೆ ಎಲ್ಲ ತಂತಿಯನ್ನೂ ಒಟ್ಟಿಗೆ ಸವರಬೇಡಿ. ಒಂದೊಂದೇ ತಂತಿ ಮೀಟಿ. ಮೊದಲು ನಿಮ್ಮ ಗಲ್ಲಕ್ಕೆ ಹತ್ತಿರ ಇರುವ ಜಿ. ಆಮೇಲೆ ನೆಲದ ಕಡೆಗಿರುವ ಎ. ಇನ್ನೊಮ್ಮೆ ಅದೇ ಎ. ಕೊನೆಗೆ ಸಿ. ಇ ತಂತಿಯನ್ನು ಮುಟ್ಟಲೇಬೇಡಿ. ಆತುರ ಬೇಡ. ಜಿ, ಎ, ಎ, ಸಿ. ಮತ್ತೆ ಜಿ, ಎ, ಎ, ಸಿ.

ಏನು ಕೇಳಿಸ್ತು? ಹಿಂದಿನ ಸಾಲಿನಲ್ಲಿ ಯಾರೋ ಸರಿಯಾಗಿ ಹೇಳಿದರು. ತಂಬೂರ. ಪ, ಸ, ಸ, ಸ.

ತಂಬೂರಕ್ಕೆ ಸಾಮಾನ್ಯವಾಗಿ ನಾಲ್ಕು ತಂತಿ. ಮೊದಲನೆಯದು ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ, ಪಂಚಮ (ಪ). ನಡುವಿನ ಎರಡು ಮಧ್ಯ ಸ್ಥಾಯಿಯ ಷಡ್ಜ (ಸ), ಎರಡೂ ಒಂದೇ ದನಿ. ಕೊನೆಯದು ಮಂದ್ರ ಷಡ್ಜ. ಉಕುಲೇಲೆಯಲ್ಲಿ ಸಿ ತಂತಿಯನ್ನು ಕೆಳಗಿನ ಸ ಅಂತ ಇಟ್ಟುಕೊಂಡರೆ ಜಿ ತಂತಿ ಅದರ ಪ ಆಗುತ್ತದೆ. ಎ ತಂತಿಯ 3ನೇ ಫ್ರೆಟ್, ಮೇಲಿನ ಸ ಆಗುತ್ತದೆ. ಎರಡು ಸ ನಡುವೆ ಒಂದು ಪ. ತಂಬೂರದಲ್ಲಿ ಇರೋದೂ ಇದೇ ಅಳತೆ, ಮೀಟೋದೂ ಇದೇ ಸರದಿಯಲ್ಲಿ. ಉಕುಲೇಲೆ ಅದನ್ನೇ ತುಂಬಾ ಮೇಲಿನ ದನಿಯಲ್ಲಿ ಹೇಳುತ್ತದೆ, ಅಷ್ಟೇ ವ್ಯತ್ಯಾಸ.

ನನಗೆ ಇದು ಗೊತ್ತಾಗಿದ್ದು ಉಕುಲೇಲೆ ಕೊಂಡು ಎರಡು ವರ್ಷ ಆದಮೇಲೆ. ಅಲ್ಲಿವರೆಗೆ ಎಲ್ಲರ ಹಾಗೆ ನಾನೂ ಒಂದೇ ಸ್ಟ್ರಮ್ ನುಡಿಸುತ್ತಿದ್ದೆ. ಡೌನ್, ಡೌನ್ ಅಪ್, ಅಪ್ ಡೌನ್ ಅಪ್. ನಾಲ್ಕು ಕಾರ್ಡ್ ಬಂದರೆ ನೂರು ಹಾಡು ಬರುತ್ತವೆ ಅಂತ ಹೇಳುತ್ತಾರಲ್ಲ, ಆ ಮಾತು ನಿಜ. ಆದರೆ ನೂರು ಹಾಡೂ ಒಂದೇ ಥರ ಕೇಳಿಸುತ್ತವೆ. ಮನೆಯಲ್ಲಿ ಅಮ್ಮ ಒಂದು ದೇವರನಾಮ ಹೇಳುವಾಗ ಜೊತೆಗೆ ನುಡಿಸೋಣ ಅಂತ ಕೂತೆ. ನಾನು ಕಾರ್ಡ್ ಬದಲಿಸಿದ ಕಡೆಯೆಲ್ಲ ಅವರ ರಾಗ ತಡವರಿಸಿತು. ಕಾರ್ಡ್ ತಪ್ಪಾಗಿರಲಿಲ್ಲ. ಆದರೆ ಆ ಹಾಡಿಗೆ ಕಾರ್ಡ್ ಬೇಕಿರಲಿಲ್ಲ. ಅದಕ್ಕೆ ಬೇಕಾಗಿದ್ದು ಶ್ರುತಿ. ಅವತ್ತು ಬೇಜಾರಲ್ಲಿ ಸಿ ಕಾರ್ಡ್ ಹಿಡಿದೇ ಸುಮ್ನೆ ತಂತಿ ಮೀಟುತ್ತಾ ಕೂತಾಗ ಈ ಪ ಸ ಸ ಸ ಕಿವಿಗೆ ಬಿತ್ತು.

ಇಂಗ್ಲಿಷಿನಲ್ಲಿ ಇದಕ್ಕೆ ಡ್ರೋನ್ ಅನ್ನುತ್ತಾರೆ. ಆಕಾಶದಲ್ಲಿ ಹಾರುವ ಯಂತ್ರದ ಹೆಸರೂ ಅದೇ ಆಗಿರುವುದರಿಂದ ನಾನು ಇವತ್ತು ಶ್ರುತಿ ಅಂತಲೇ ಹೇಳುತ್ತೇನೆ. ಹಾಡು ಎಲ್ಲಿಗೇ ಹೋಗಲಿ, ತಾನು ಮಾತ್ರ ಕದಲದೆ ಮೊಳಗುತ್ತಿರುವ ದನಿ ಅದು.

ಉಕುಲೇಲೆಗೆ ಈ ಗುಣ ಎಲ್ಲಿಂದ ಬಂತು? ಗಿಟಾರ್‌ನಲ್ಲಿ ಮೇಲಿನ ತಂತಿ ದಪ್ಪ, ಕೆಳಗೆ ಬರುತ್ತಾ ದನಿ ಏರುತ್ತದೆ. ಉಕುಲೇಲೆಯಲ್ಲಿ ಹಾಗಿಲ್ಲ. ಮೇಲಿನ ಜಿ ತಂತಿ ತೆಳ್ಳಗಿದೆ, ಪಕ್ಕದ ಸಿ ಮತ್ತು ಇ ಎರಡಕ್ಕಿಂತಲೂ ಅದರ ದನಿ ಎತ್ತರ. ಇದರ ಬೇರು ಪೋರ್ಚುಗಲ್‌ಗೆ ಸೇರಿದ ಮಡೈರಾ ದ್ವೀಪದಲ್ಲಿದೆ. 1879ರ ಆಗಸ್ಟ್ 23ರಂದು ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಹವಾಯಿಯ ಹೊನೊಲುಲು ಬಂದರಿಗೆ ಬಂತು. ಕಬ್ಬಿನ ತೋಟಗಳಲ್ಲಿ ದುಡಿಯಲು ಮಡೈರಾದಿಂದ ಹೊರಟ ನಾನೂರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಮಾನುಯೆಲ್ ನುನೆಸ್, ಜೋಸೆ ದೊ ಎಸ್ಪಿರಿತೊ ಸಾಂತೊ, ಆಗುಸ್ತೊ ದಿಯಾಸ್ ಎಂಬ ಮೂವರು ಮರಗೆಲಸದವರೂ ಅದೇ ಹಡಗಿನಲ್ಲಿ ಬಂದರು. ಊರಿನಲ್ಲಿ ನುಡಿಸುತ್ತಿದ್ದ ಮಷೆಟ್ ಎಂಬ ಪುಟ್ಟ ವಾದ್ಯದ ಆಕಾರ, ರಜಾಂವ್ ಎಂಬ ಐದು ತಂತಿಯ ವಾದ್ಯದ ಶ್ರುತಿ, ಹವಾಯಿಯ ಕೋವಾ ಮರ, ಈ ಮೂರೂ ಸೇರಿ ಉಕುಲೇಲೆ ಆಯಿತು. ರಜಾಂವ್‌ನ ಐದು ತಂತಿಯಲ್ಲಿ ಒಂದನ್ನು ಬಿಟ್ಟರೆ ಉಳಿಯುವುದೇ ಈ ಜಿ, ಸಿ, ಇ, ಎ. ದೊರೆ ಕಲಾಕೌವಾ ಇದನ್ನು ಅರಮನೆಗೆ ಕರೆಸಿಕೊಂಡ, ಹುಲಾ ಕುಣಿತಕ್ಕೆ ಜೊತೆ ಮಾಡಿದ. 1915ರ ಸ್ಯಾನ್ ಫ್ರಾನ್ಸಿಸ್ಕೊ ಮೇಳದ ನಂತರ ಅಮೆರಿಕದ ಮನೆಮನೆಗೂ ಹೋಯಿತು. ಇಂದು ನಮ್ಮ ಮಕ್ಕಳ ಕೈಗೂ ಬಂದಿದೆ.

ಕುಣಿತಕ್ಕೆ ಸ್ಟ್ರಮ್ ಬೇಕು. ಅದಕ್ಕೇ ಹವಾಯಿಯಲ್ಲಿ ಈ ವಾದ್ಯದ ಸ್ಟ್ರಮ್ ಅಷ್ಟು ಚೆನ್ನಾಗಿ ಬೆಳೆದಿದೆ. ಅದನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಈ ತಂತಿಗಳ ಜೋಡಣೆಯಲ್ಲಿ ಇನ್ನೊಂದು ದಾರಿಯೂ ಇದೆ, ಆ ದಾರಿ ನಮಗೆ ಹತ್ತಿರದ್ದು. ಇವತ್ತಿನ ಮಾತೆಲ್ಲ ಅದರ ಬಗ್ಗೆ.

ಒಂದು ತೊಡಕನ್ನು ಮೊದಲೇ ಹೇಳಿಬಿಡುತ್ತೇನೆ. ತಂಬೂರದ ತಂತಿ ಲೋಹದ್ದು, ಉದ್ದ ಜಾಸ್ತಿ. ಅದರ ಕುದುರೆಯ (ತಂತಿಯನ್ನು ಎತ್ತಿ ಹಿಡಿಯುವ ಸೇತುವೆಯ) ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಸೇರಿಸುತ್ತಾರೆ. ಅದು ಸರಿಯಾದ ಜಾಗಕ್ಕೆ ಬಂದಾಗ ತಂತಿ ಕುದುರೆಯನ್ನು ಸವರಿಕೊಂಡು ಜೀಂ ಅಂತ ಮೊಳಗುತ್ತದೆ. ಒಂದು ತಂತಿಯ ನಾದ ಮುಗಿಯುವ ಮೊದಲೇ ಮುಂದಿನದು ಬಂದು ಸೇರಿಕೊಳ್ಳುತ್ತದೆ. ಉಕುಲೇಲೆಯದು ನೈಲಾನ್ ತಂತಿ, ಡಬ್ಬಿ ಚಿಕ್ಕದು. ಮೀಟಿದ ಎರಡು ಮೂರು ಸೆಕೆಂಡಿನಲ್ಲಿ ದನಿ ಆರಿಹೋಗುತ್ತದೆ. ತಂಬೂರದ ನಿಧಾನದಲ್ಲೇ ಮೀಟುತ್ತಾ ಹೋದರೆ ನಡುನಡುವೆ ಶ್ರುತಿ ಕಡಿದು ಬೀಳುತ್ತದೆ. ಒಲೆಗೆ ಸಣ್ಣ ಪುಳ್ಳೆ ಹಾಕುತ್ತಲೇ ಇರಬೇಕಲ್ಲ, ಹಾಗೆ ಇದಕ್ಕೆ ಪದೇ ಪದೇ ಮೀಟು ಕೊಡುತ್ತಲೇ ಇರಬೇಕು. ಪದೇ ಪದೇ ಕೊಡಬೇಕು ಅಂದಮೇಲೆ ಒಂದು ಲೆಕ್ಕದಲ್ಲಿ ಕೊಡಬೇಕಾಗುತ್ತದೆ. ಆ ಲೆಕ್ಕವೇ ಲಯ. ನನಗೆ ಈ ವಾದ್ಯದಲ್ಲಿ ತುಂಬಾ ಇಷ್ಟವಾದ ವಿಷಯ ಇದೇ. ಇದರಲ್ಲಿ ಶ್ರುತಿ ಬೇಕೆಂದರೆ ಲಯ ಬಂದೇ ಬರುತ್ತದೆ.

ಕಚೇರಿಯಲ್ಲಿ ತಂಬೂರ ನುಡಿಸುವವರನ್ನು ಗಮನಿಸಿದ್ದೀರಾ? ಮೃದಂಗ ಎಷ್ಟೇ ಓಡಲಿ, ಅವರ ಕೈ ತನ್ನ ಪಾಡಿಗೆ ತಾನು ನಡೆಯುತ್ತದೆ. ತಾಳಕ್ಕೆ ಅಂಟಿಕೊಳ್ಳುವುದಿಲ್ಲ, ಅಂಟಿಕೊಳ್ಳಲೂಬಾರದು. ಆದರೆ ನಮ್ಮ ಜಾನಪದದಲ್ಲಿ ಇನ್ನೊಂದು ದಾರಿ ಇದೆ. ಒಮ್ಮೆ ಚಿಕ್ಕಲ್ಲೂರು ಜಾತ್ರೆಗೆ ಹೋಗಿದ್ದೆ. ಜನವರಿಯ ಚಳಿ, ಹುಣ್ಣಿಮೆ ಹತ್ತಿರದ ರಾತ್ರಿ. ಮರದ ಕೆಳಗೆ ನೀಲಗಾರರು ಮಂಟೇಸ್ವಾಮಿ ಪದ ಹಾಡುತ್ತಿದ್ದರು. ಮುಖ್ಯ ಹಾಡುಗಾರರ ಹೆಗಲಿಗೆ ತಂಬೂರಿ, ಪಕ್ಕದವರ ಕೈಯಲ್ಲಿ ಗಗ್ಗರ, ದಮ್ಮಡಿ. ನಾನು ತೀರಾ ಹತ್ತಿರ ಕೂತಿದ್ದೆ, ಅವರ ಬೆರಳು ಕಾಣಿಸುತ್ತಿತ್ತು. ಕಚೇರಿಯ ತಂಬೂರದ ಹಾಗೆ ಬೆರಳು ತಂತಿಯನ್ನು ಸವರಿ ಬಿಡುತ್ತಿರಲಿಲ್ಲ. ತಂತಿಯನ್ನು ತಟ್ಟುತ್ತಿತ್ತು. ಮಾತು ಬಿರುಸಾದಾಗ ತಟ್ಟುವುದೂ ಬಿರುಸು. ಕಥೆ ನಿಂತು ಉಸಿರು ತೆಗೆದುಕೊಳ್ಳುವಾಗ ಬರೀ ತಂಬೂರಿ ಒಂದೇ ಉಳಿಯುತ್ತಿತ್ತು, ಆದರೂ ಲಯ ಬಿಡುತ್ತಿರಲಿಲ್ಲ. ಶ್ರುತಿಗೂ ಅದೇ, ತಾಳಕ್ಕೂ ಅದೇ. ಸವದತ್ತಿ ಎಲ್ಲಮ್ಮನ ಪದ ಹಾಡುವ ಜೋಗತಿಯರ ಚೌಡಿಕೆಯೂ ಹೀಗೇ. ಒಂದೇ ತಂತಿ, ಅದರಲ್ಲೇ ನಾದ, ಅದರಲ್ಲೇ ಬಡಿತ. ಉಕುಲೇಲೆಯ ಜಾತಿ ಇವುಗಳದ್ದು ಅಂತ ನನಗನ್ನಿಸುತ್ತದೆ.

ಸರಿ, ಈಗ ಕೈಗೆ ಬರೋಣ.

ಎಡಗೈಯಲ್ಲಿ ಅದೇ ಸಿ ಕಾರ್ಡ್. ಬಲಗೈ ಹೆಬ್ಬೆರಳಿಗೆ ಎರಡು ತಂತಿ, ಸಿ ಮತ್ತು ಜಿ. ತೋರುಬೆರಳಿಗೆ ಒಂದೇ ತಂತಿ, ಎ. ಈಗ ಬಾಯಲ್ಲಿ ತಕದಿಮಿ ಹೇಳಿ. ತ ಅಂದಾಗ ಸಿ, ಕ ಅಂದಾಗ ಎ, ದಿ ಅಂದಾಗ ಜಿ, ಮಿ ಅಂದಾಗ ಮತ್ತೆ ಎ. ಕೆಳಗಿನ ಸ, ಮೇಲಿನ ಸ, ಪ, ಮೇಲಿನ ಸ. ಹೆಬ್ಬೆರಳು ಸಿ, ಜಿ, ಸಿ, ಜಿ ಅಂತ ತೂಗುತ್ತಿರುತ್ತದೆ. ತೋರುಬೆರಳು ನಡುವಿನ ಜಾಗ ತುಂಬುತ್ತದೆ. ಮೊದಲ ವಾರ ಇಷ್ಟೇ ಮಾಡಿ. ಟಿವಿ ನೋಡುತ್ತಾ ಮಾಡಿ, ಯಾರ ಜೊತೆಗಾದರೂ ಮಾತಾಡುತ್ತಾ ಮಾಡಿ. ಮಾತು ನಿಲ್ಲದೆ ಕೈ ನಡೆಯುತ್ತಿದ್ದರೆ ಕೈಗೆ ಬಂತು ಅಂತ ಅರ್ಥ.

ಮೂರರ ಲೆಕ್ಕಕ್ಕೆ ಕೊನೆಯ ಎ ಬಿಟ್ಟುಬಿಡಿ. ತಕಿಟ: ಸಿ, ಎ, ಜಿ. ಎರಡರ ಲೆಕ್ಕಕ್ಕೆ ತಕ: ಸಿ, ಎ. ನಿಯಮ ಒಂದೇ. ಪ್ರತಿ ಗುಂಪಿನ ತಲೆಗೆ ಸಿ ತಂತಿ ಬರಬೇಕು, ಅಂದರೆ ಕೆಳಗಿನ ಸ. ಈಗ ಜೋಡಿಸುತ್ತಾ ಹೋಗಿ. ಐದರ ಲೆಕ್ಕದ ಖಂಡಛಾಪು ಬೇಕೆಂದರೆ ತಕ ತಕಿಟ. ಏಳರ ಲೆಕ್ಕದ ಮಿಶ್ರಛಾಪು ಬೇಕೆಂದರೆ ತಕಿಟ ತಕದಿಮಿ. ಎಂಟರ ಲೆಕ್ಕವನ್ನು ತಕದಿಮಿ ತಕದಿಮಿ ಅಂತಲೂ ನುಡಿಸಬಹುದು, ತಕಿಟ ತಕಿಟ ತಕ ಅಂತಲೂ ನುಡಿಸಬಹುದು. ಎರಡೂ ಎಂಟೇ. ಎರಡನೆಯದನ್ನು ನುಡಿಸಿ ನೋಡಿ, ಕಾಲು ತಾನಾಗಿ ಕುಣಿಯುತ್ತದೆ.

ಇಲ್ಲಿ ಮಿಶ್ರಛಾಪು ನುಡಿಸಿದಾಗ ಒಬ್ಬ ಹುಡುಗ ಎದ್ದು, "ಸರ್, ಇದರಲ್ಲಿ ಕಾರ್ಡ್ ಬದಲಾಗಲೇ ಇಲ್ಲ, ಆದರೂ ಬೋರ್ ಆಗಲಿಲ್ಲ" ಅಂದ. ಅವನ ಮಾತು ಸರಿ. ಸ್ಟ್ರಮ್ ಮಾಡುವಾಗ ನಾವು ಹೊಸತನವನ್ನು ಎಡಗೈಯಿಂದ ತರುತ್ತೇವೆ. ಶ್ರುತಿ ಹಿಡಿದು ನುಡಿಸುವಾಗ ಅದು ಬಲಗೈಯಿಂದ ಬರುತ್ತದೆ. ಎಡಗೈಗೆ ಬಿಡುವು ಸಿಗುತ್ತದೆ. ಆ ಬಿಡುವನ್ನು ರಾಗಕ್ಕೆ ಕೊಡಬಹುದು.

ಜಿ ಮತ್ತು ಸಿ ಎರಡೂ ಖಾಲಿ ತಂತಿ, ಬೆರಳು ಒತ್ತಬೇಕಾಗಿಯೇ ಇಲ್ಲ. ಪ ಮತ್ತು ಸ ಪುಕ್ಕಟೆ ಸಿಕ್ಕ ಹಾಗೆ. ಎಡಗೈಯ ಎಲ್ಲ ಬೆರಳೂ ಎ ತಂತಿಗೆ. ಮೋಹನ ರಾಗ ತೆಗೆದುಕೊಳ್ಳಿ. ಸ ರಿ ಗ ಪ ದ. ಎ ತಂತಿಯ ಮೇಲೆ ಸ 3ನೇ ಫ್ರೆಟ್, ರಿ 5, ಗ 7, ಪ 10, ದ 12. ಕೆಳಗಿನ ದ ಬೇಕೆಂದರೆ ಬೆರಳು ತೆಗೆದುಬಿಡಿ, ಖಾಲಿ ಎ ತಂತಿಯೇ ದ. ಇನ್ನೂ ಒಂದು ಸೊಗಸು ಇದೆ. ಉಕುಲೇಲೆಯ ನಾಲ್ಕು ಖಾಲಿ ತಂತಿಯನ್ನು ಸಾಲಾಗಿ ಮೀಟಿ. ಜಿ ಪ, ಸಿ ಸ, ಇ ಗ, ಎ ದ. ನಾಲ್ಕೂ ಮೋಹನದ ಸ್ವರಗಳೇ. ರಿ ಒಂದು ಮಾತ್ರ ಇಲ್ಲ. ಹೊಸಬರು ಮೋಹನದಿಂದ ಶುರು ಮಾಡಿದರೆ ಬೆರಳು ತಪ್ಪಿ ಖಾಲಿ ತಂತಿ ತಗುಲಿದರೂ ಅಪಸ್ವರ ಬರೋದಿಲ್ಲ.

ಹೀಗೆ ಮಾಡಿ. ಹೆಬ್ಬೆರಳು ಸಿ, ಜಿ ತೂಗುತ್ತಿರಲಿ. ತೋರುಬೆರಳು ಎ ತಂತಿ ಮೀಟುವ ಜಾಗದಲ್ಲಿ ಇಷ್ಟು ಹೊತ್ತು ಬರೀ ಮೇಲಿನ ಸ ಇತ್ತು. ಈಗ ಆ ಜಾಗದಲ್ಲಿ ರಾಗ ನಡೆಯಲಿ. ಸ, ಸ, ರಿ, ಗ. ರಿ ಇಂದ ಗ ಗೆ ಹೋಗುವಾಗ ಬೆರಳು ಎತ್ತಬೇಡಿ, 5ರಿಂದ 7ಕ್ಕೆ ಜಾರಿಸಿ. ನೈಲಾನ್ ತಂತಿಯನ್ನು ವೀಣೆಯ ತಂತಿಯ ಹಾಗೆ ಪಕ್ಕಕ್ಕೆ ಎಳೆದು ಗಮಕ ತರೋದು ಕಷ್ಟ, ದನಿ ಅಷ್ಟು ಏರುವುದೇ ಇಲ್ಲ. ಆದರೆ ಜಾರು ಚೆನ್ನಾಗಿ ಬರುತ್ತದೆ. ಕೆಳಗೆ ಸ ಪ ನಡೆಯುತ್ತಿರುವಾಗ ಮೇಲೆ ಒಂದು ಜಾರು ಗಾಂಧಾರಕ್ಕೆ ಹೋಗಿ ನಿಂತರೆ ಅಷ್ಟರಲ್ಲೇ ಮೋಹನದ ಮುಖ ಕಾಣಿಸುತ್ತದೆ. ಐದು ನಿಮಿಷದ ಮೊದಲು ಇದೇ ಕೈಗಳು ಡೌನ್ ಡೌನ್ ಅಪ್ ನುಡಿಸುತ್ತಿದ್ದವು ಅಲ್ವಾ!

ಇ ತಂತಿ ಮುಟ್ಟಬೇಡಿ ಅಂತ ಯಾಕೆ ಹೇಳಿದೆ? ಕಾರಣ ಸ್ವಲ್ಪ ಲೆಕ್ಕದ್ದು. ಗಿಟಾರ್, ಉಕುಲೇಲೆಯಂಥ ಫ್ರೆಟ್ ಇರುವ ವಾದ್ಯದಲ್ಲಿ ಒಂದು ಸ್ಥಾಯಿಯನ್ನು, ಅಂದರೆ ಒಂದು ಸ ಇಂದ ಮುಂದಿನ ಸ ವರೆಗಿನ ದೂರವನ್ನು, ಹನ್ನೆರಡು ಸಮಪಾಲು ಮಾಡಿರುತ್ತಾರೆ. ಒಂದೊಂದು ಪಾಲನ್ನು ಮತ್ತೆ 100 ಭಾಗ ಮಾಡಿ ನೋಡೋಣ. ಫ್ರೆಟ್ ಲೆಕ್ಕದ ಪಂಚಮ ಶುದ್ಧ ಪಂಚಮಕ್ಕಿಂತ 2 ಭಾಗ ಮಾತ್ರ ಕಡಿಮೆ. ಕಿವಿಗೆ ಅದು ಗೊತ್ತೇ ಆಗೋದಿಲ್ಲ. ಅಂತರ ಗಾಂಧಾರ, ಅಂದರೆ ನಮ್ಮ ಇ ತಂತಿಯ ಗ, ಹಾಗಲ್ಲ. ಫ್ರೆಟ್ ಲೆಕ್ಕದ್ದು ಸುಮಾರು 14 ಭಾಗ ಜಾಸ್ತಿ. ಹಾಡಿನಲ್ಲಿ ಬಂದು ಹೋಗುವ ಸ್ವರವಾದರೆ ಪರವಾಗಿಲ್ಲ. ಒಂದೇ ಸಮನೆ ಮೊಳಗುವ ಶ್ರುತಿಯಲ್ಲಿ ಆ 14 ಭಾಗ ಕಾಳಿನ ನಡುವಿನ ಕಲ್ಲಿನ ಹಾಗೆ ಸಿಗುತ್ತದೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರದಲ್ಲಿ ಮಂದ್ರ ಷಡ್ಜದೊಳಗಿಂದ ಗಾಂಧಾರ ತಾನೇ ಹುಟ್ಟಿ ಕೇಳಿಸುತ್ತದೆ, ಅದನ್ನು ಸ್ವಯಂಭೂ ಗಾಂಧಾರ ಅನ್ನುತ್ತಾರೆ. ಕಿವಿ ಅದಕ್ಕೆ ಒಗ್ಗಿದ್ದರೆ ಖಾಲಿ ಇ ತಂತಿ ಸ್ವಲ್ಪ ಒರಟಾಗಿ ಕೇಳಿಸುತ್ತದೆ. ಅಮ್ಮನ ಹಾಡಿಗೆ ನನ್ನ ಸಿ ಕಾರ್ಡ್ ಒಗ್ಗದೆ ಹೋಗಲು ಇದೂ ಒಂದು ಕಾರಣ ಇರಬೇಕು.

ನಾಲ್ಕೂ ತಂತಿ ಬೇಕೇ ಬೇಕು ಅನ್ನುವವರು ಇ ತಂತಿಯನ್ನೂ 3ನೇ ಫ್ರೆಟ್‌ನಲ್ಲಿ ಒತ್ತಿ. ಒಂದೇ ಬೆರಳನ್ನು ಮಲಗಿಸಿ ಇ, ಎ ಎರಡನ್ನೂ ಒತ್ತಬಹುದು. ಆಗ ಇ ತಂತಿ ಪ ಆಗುತ್ತದೆ. ಪ, ಸ, ಪ, ಸ. ಗಾಂಧಾರ ಇಲ್ಲವೇ ಇಲ್ಲ. ಈಗ ಧಾರಾಳವಾಗಿ ಸ್ಟ್ರಮ್ ಮಾಡಿ, ಶ್ರುತಿಪೆಟ್ಟಿಗೆಯ ಹಾಗೆ ತುಂಬಿಕೊಳ್ಳುತ್ತದೆ.

ಶ್ರುತಿ ಸೇರಿಸುವ ವಿಷಯದಲ್ಲಿ ಒಂದು ಮಾತು. ಈ ಹಿಡಿತದಲ್ಲಿ ಜಿ ತಂತಿಯೂ ಇ ತಂತಿಯ 3ನೇ ಫ್ರೆಟ್ಟೂ ಒಂದೇ ದನಿ, ಎರಡೂ ಸೆಕೆಂಡಿಗೆ 392 ಸಲ ಕಂಪಿಸಬೇಕು. ಒಂದು 392, ಇನ್ನೊಂದು 393 ಆದರೆ ಸೆಕೆಂಡಿಗೊಂದು ಸಲ ವೋಂ ವೋಂ ಅಂತ ಅಲೆ ಎದ್ದು ಇಳಿಯುತ್ತದೆ. ಎರಡನ್ನೂ ಒಟ್ಟಿಗೆ ಮೀಟಿ ಆ ಅಲೆಯನ್ನು ಕೇಳಿ. ಬಿರಡೆ ನಿಧಾನಕ್ಕೆ ತಿರುಗಿಸುತ್ತಾ ಬನ್ನಿ. ಅಲೆ ಉದ್ದವಾಗುತ್ತಾ ಆಗುತ್ತಾ ಕೊನೆಗೆ ನಿಂತೇ ಹೋಗುತ್ತದೆ. ಮೊಬೈಲ್ ಟ್ಯೂನರ್ ಹಸಿರು ದೀಪ ತೋರಿಸಿದ ಮೇಲೂ ಈ ಅಲೆ ಉಳಿದಿರುತ್ತದೆ, ಎಷ್ಟೋ ಸಲ ನೋಡಿದ್ದೇನೆ. ಇಂಥ ಜಾಗದಲ್ಲಿ ಕಿವಿಯನ್ನು ನಂಬಿ.

ಇನ್ನು ಕೈಯ ಎರಡನೇ ಪಟ್ಟು. ಇದು ಬ್ಯಾಂಜೊದವರಿಂದ ಬಂದದ್ದು. ಐದು ತಂತಿಯ ಬ್ಯಾಂಜೊ ನೋಡಿದ್ದರೆ ಗೊತ್ತಿರುತ್ತದೆ, ಹೆಬ್ಬೆರಳ ಕಡೆಗೆ ಒಂದು ಗಿಡ್ಡ ತಂತಿ ಇರುತ್ತದೆ. ಎಲ್ಲಕ್ಕಿಂತ ಮೇಲಿನ ದನಿ ಅದರದ್ದು, ಹೆಚ್ಚಾಗಿ ಖಾಲಿಯಾಗಿಯೇ ನುಡಿಯುತ್ತದೆ. ಈ ಗಿಡ್ಡ ತಂತಿಯ ಉಪಾಯ ಆಫ್ರಿಕಾದ್ದು. ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರ ಅಕೊಂಟಿಂಗ್ ಎಂಬ ಮೂರು ತಂತಿಯ ವಾದ್ಯದಲ್ಲಿ ಈಗಲೂ ಇದೆ. ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಲ್ಪಟ್ಟ ಆಫ್ರಿಕಾದ ಜನರ ಕೈಯಲ್ಲೇ ಬ್ಯಾಂಜೊ ಹುಟ್ಟಿದ್ದು. ಉಗುರಿನಿಂದ ಕೆಳಕ್ಕೆ ಹೊಡೆದು ಹೆಬ್ಬೆರಳಿನಿಂದ ಗಿಡ್ಡ ತಂತಿ ಮೀಟುವ ವಿದ್ಯೆಯೂ ಅವರ ಜೊತೆಗೇ ಬಂತು. ಇಂದು ಅದಕ್ಕೆ ಕ್ಲಾಹ್ಯಾಮರ್ ಅಂತ ಹೆಸರು. ಬ್ಯಾಂಜೊದ ಗಿಡ್ಡ ತಂತಿ ಇರುವ ಜಾಗದಲ್ಲೇ ಉಕುಲೇಲೆಯ ಜಿ ತಂತಿ ಇದೆ, ಅದೂ ಮೇಲಿನ ದನಿಯದ್ದು. ಹಾಗಾಗಿ ಆ ವಿದ್ಯೆ ಇಲ್ಲಿಗೆ ನೇರವಾಗಿ ಹೊಂದುತ್ತದೆ.

ಇದನ್ನು ಹತ್ತಿರದಿಂದ ನೋಡಿ. ಬಲಗೈ ಬೆರಳುಗಳನ್ನು ಸಡಿಲವಾಗಿ ಮಡಚಿ, ಬಾಗಿಲು ತಟ್ಟುವ ಹಾಗೆ. ತೋರುಬೆರಳ ಉಗುರಿನ ಬೆನ್ನಿನಿಂದ ಎ ತಂತಿಯನ್ನು ಕೆಳಕ್ಕೆ ಹೊಡೆಯಿರಿ. ಬೆರಳು ಬಿಚ್ಚಬೇಡಿ, ಮುಂಗೈ ಅಲ್ಲಾಡಲಿ. ಉಗುರು ತಂತಿಗೆ ತಾಗುವ ಹೊತ್ತಿಗೆ ಹೆಬ್ಬೆರಳು ಜಿ ತಂತಿಯ ಮೇಲೆ ಬಂದು ಕೂರಬೇಕು. ಎರಡನೇ ಸಲ ಕೈ ಇಳಿದಾಗ ಉಗುರುಗಳು ಇ, ಎ ಎರಡನ್ನೂ ಸವರಲಿ. ಹೆಬ್ಬೆರಳು ಮತ್ತೆ ಜಿ ಮೇಲೆ ಕೂರಲಿ. ಕೈ ಮೇಲಕ್ಕೆ ಏಳುವಾಗ ಆ ಹೆಬ್ಬೆರಳು ಜಿ ತಂತಿಯನ್ನು ಬಿಡಿಸಿಕೊಂಡು ಏಳುತ್ತದೆ, ಆಗ ಟಿಂ ಅನ್ನುತ್ತದೆ. ಬಾಯಲ್ಲಿ ಹೇಳಿದರೆ ತಾ ಕಿಟ, ತಾ ಕಿಟ. ತಾ ಎರಡು ಮಾತ್ರೆ, ಕಿ ಒಂದು, ಟ ಒಂದು. ತಾ ಅನ್ನುವಲ್ಲಿ ರಾಗದ ಸ್ವರ. ಕಿ ಅನ್ನುವಲ್ಲಿ ಸವರು. ಟ ಅನ್ನುವಲ್ಲಿ ಪಂಚಮ. ಹೆಬ್ಬೆರಳನ್ನು ಬೇರೆಯಾಗಿ ಮೀಟಲು ಹೋದರೆ ಲಯ ಕೆಡುತ್ತದೆ. ಕೈ ಏಳುವ ರಭಸಕ್ಕೇ ಅದು ಮೀಟಬೇಕು.

ಮೊದಲು ಮಾಡಿದ್ದರಲ್ಲಿ ಶ್ರುತಿ ತಾಳದ ತಲೆಗೆ ಬರುತ್ತಿತ್ತು. ಇದರಲ್ಲಿ ತಾಳದ ಬಾಲಕ್ಕೆ ಬರುತ್ತದೆ. ಮೊದಲನೆಯದಕ್ಕೆ ನಡಿಗೆಯ ನಿಧಾನ ಇದೆ, ಇದಕ್ಕೆ ಕುದುರೆ ಓಟದ ಚುರುಕು. ಕೋಲಾಟದ ಪದಗಳಿಗೆ ನನಗೆ ಎರಡನೆಯದೇ ಇಷ್ಟ.

ಈ ಪಟ್ಟಿಗೆ ಎಡಗೈಯ ತೋರುಬೆರಳನ್ನು 3ನೇ ಫ್ರೆಟ್‌ನಲ್ಲಿ ಇ, ಎ ಎರಡರ ಮೇಲೂ ಮಲಗಿಸಿಡಿ. ರಿ, ಗ ಸ್ವರಗಳನ್ನು ಉಳಿದ ಬೆರಳುಗಳಿಂದ ಹಿಡಿಯಿರಿ. ಇಲ್ಲಿ ಪುಟ್ಟ ಸೊಪ್ರಾನೊ ಉಕುಲೇಲೆಯೇ ಅನುಕೂಲ. ಅದರ ತಂತಿಯ ಉದ್ದ ಸುಮಾರು 34 ಸೆಂ.ಮೀ. 3ನೇ ಫ್ರೆಟ್‌ನಿಂದ 7ನೇ ಫ್ರೆಟ್‌ವರೆಗೆ 6 ಸೆಂ.ಮೀ. ಮಾತ್ರ. ಕಿರುಬೆರಳು ಸಲೀಸಾಗಿ ಗಾಂಧಾರ ಮುಟ್ಟುತ್ತದೆ. ದೊಡ್ಡ ಟೆನರ್‌ನಲ್ಲಿ ಅದೇ ದೂರ ಸುಮಾರು ಏಳೂವರೆ ಸೆಂ.ಮೀ. ಆಗುತ್ತದೆ. ಚಿಕ್ಕದು ಮಕ್ಕಳಿಗೆ ಮಾತ್ರ ಅನ್ನುವ ಮಾತನ್ನು ನಾನು ಒಪ್ಪೋದಿಲ್ಲ.

ಎಲ್ಲ ಹಾಡಿಗೂ ಶ್ರುತಿ ಒಗ್ಗುತ್ತದಾ ಅಂದರೆ, ಇಲ್ಲ. ಕಾರ್ಡ್‌ಗಳ ಮೇಲೆಯೇ ಕಟ್ಟಿದ ಸಿನಿಮಾ ಹಾಡುಗಳಲ್ಲಿ ರಾಗವೇ ಕಾರ್ಡ್ ಜೊತೆ ಹೆಜ್ಜೆ ಹಾಕುತ್ತದೆ. ಅಲ್ಲಿ ಸ ಪ ಹಿಡಿದು ಕೂತರೆ ನಡುವೆ ಕಚ್ಚಾಡುತ್ತದೆ. ಅವುಗಳಿಗೆ ಸ್ಟ್ರಮ್ಮೇ ಸರಿ. ವಚನ, ದೇವರನಾಮ, ತತ್ವಪದ, ಜನಪದ, ಇವಕ್ಕೆ ಶ್ರುತಿ. ಗೊತ್ತಾಗದಿದ್ದರೆ ಹಾಡನ್ನು ಬರೀ ತಂಬೂರದ ಜೊತೆ ಗುನುಗಿ ನೋಡಿ. ಹಾಡು ತಂಬೂರದ ಜೊತೆ ಹೊಂದಿಕೊಂಡರೆ ಉಕುಲೇಲೆಯ ಶ್ರುತಿಗೂ ಹೊಂದಿಕೊಳ್ಳುತ್ತದೆ.

ಕೊನೆಗೆ ಕೆಲವರು ಪ್ರಶ್ನೆ ಕೇಳಿದರು.

ಜಿ ತಂತಿಯನ್ನು ಒಂದು ಸ್ಥಾಯಿ ಕೆಳಗಿನದ್ದು ಹಾಕಿಸಿಕೊಂಡಿದ್ದೇನೆ, ನನಗೆ ಇದು ಆಗುತ್ತಾ ಅಂತ ಒಬ್ಬರು ಕೇಳಿದರು. ಆಗುತ್ತದೆ. ಪಂಚಮ ಷಡ್ಜಕ್ಕಿಂತ ಕೆಳಗೆ ಹೋಗುತ್ತದೆ, ದನಿ ಗಂಭೀರವಾಗುತ್ತದೆ. ಆದರೆ ತಂಬೂರದ ಆ ಸರದಿ ಹೋಗುತ್ತದೆ, ತಾ ಕಿಟದ ಟಿಂ ಕೂಡ ಮಂಕಾಗುತ್ತದೆ. ನನ್ನ ಆಯ್ಕೆ ತೆಳುವಾದ ಜಿ.

ಹಿಂದೂಸ್ತಾನಿ ಕಲಿಯುತ್ತಿರುವ ಒಬ್ಬರು ಮಾಲ್‌ಕೌಂಸ್‌ಗೆ ಏನು ಮಾಡಬೇಕು ಅಂದರು. ಒಳ್ಳೆಯ ಪ್ರಶ್ನೆ. ನಮ್ಮ ಹಿಂದೋಳದಲ್ಲೂ ಅದರಲ್ಲೂ ಪಂಚಮವೇ ಇಲ್ಲ. ಪ ಮೊಳಗುತ್ತಿದ್ದರೆ ರಾಗ ಕೆಡುತ್ತದೆ. ತಂಬೂರದವರು ಆಗ ಮೊದಲ ತಂತಿಯನ್ನು ಮ ಗೆ ಇಳಿಸಿಕೊಳ್ಳುತ್ತಾರೆ. ನಮಗೆ ಬಿರಡೆ ಮುಟ್ಟುವುದೂ ಬೇಡ. ಜಿ ತಂತಿಯನ್ನೇ ಸ ಅಂತ ಇಟ್ಟುಕೊಳ್ಳಿ. ಆಗ ಖಾಲಿ ಸಿ ತಂತಿ ತಾನಾಗಿ ಮ ಆಗುತ್ತದೆ. ಸ ಮತ್ತು ಮ, ಎರಡೂ ಖಾಲಿ. ಎ ತಂತಿಯ ಮೇಲೆ 1ನೇ ಫ್ರೆಟ್ ಗ, 3 ಮ, 6 ದ, 8 ನಿ, 10 ಮೇಲಿನ ಸ. ಖಾಲಿ ಎ ಮತ್ತು ಖಾಲಿ ಇ ಮಾತ್ರ ತಗುಲದ ಹಾಗೆ ನೋಡಿಕೊಳ್ಳಿ, ಅವೆರಡೂ ಈ ರಾಗಕ್ಕೆ ಸೇರಿದ್ದಲ್ಲ.

ಅಷ್ಟರಲ್ಲಿ ಮುಂದಿನ ಸಾಲಿನ ಒಬ್ಬ ಅಜ್ಜಿ, "ನಾನೊಂದು ಸೋಬಾನೆ ಪದ ಹೇಳ್ತೀನಿ, ನೀವೆಲ್ಲ ನುಡಿಸ್ರಪ್ಪ" ಅಂದರು. ಅಲ್ಲಿದ್ದ ಉಕುಲೇಲೆ ಹನ್ನೊಂದು. ಎಲ್ಲರೂ ಸಿ ಹಿಡಿದು ತಕದಿಮಿ ಶುರು ಮಾಡಿದೆವು. ಅಜ್ಜಿ ಒಂದು ಸಾಲು ಹೇಳಿ ನಿಲ್ಲಿಸಿದರು. ಗಂಟಲು ಕೂರಲಿಲ್ಲ. ಹೆಚ್ಚಿನ ಹೆಂಗಸರು ಹಾಡುವುದು ಐದು ಮನೆಯ ಆಸುಪಾಸಿನಲ್ಲಿ, ಅಂದರೆ ಜಿ ಶ್ರುತಿ. ನಮ್ಮ ಸಿ ಅವರಿಗೆ ಹೊಂದಲಿಲ್ಲ. ನಾನು ಎಲ್ಲರಿಗೂ ಬೆರಳು ಬದಲಿಸಲು ಹೇಳಿದೆ. ಜಿ ಖಾಲಿ, ಅದು ಸ. ಸಿ ತಂತಿಯ 2ನೇ ಫ್ರೆಟ್, ಅದು ಪ. ಇ ತಂತಿಯ 3ನೇ ಫ್ರೆಟ್, ಮತ್ತೆ ಸ. ಎ ತಂತಿಯನ್ನು ಮುಟ್ಟಬೇಡಿ. ನೀವೆಲ್ಲ ಹಿಡಿಯುವ ಜಿ ಕಾರ್ಡೇ ಅದು, ಎ ತಂತಿಯ ಮೇಲಿನ ಬೆರಳು ಎತ್ತಿದರಾಯಿತು.

ಹೆಬ್ಬೆರಳಿಗೆ ಸಿ ಮತ್ತು ಜಿ, ತೋರುಬೆರಳಿಗೆ ಇ. ಮೊದಲ ಎರಡು ಸುತ್ತು ಎಲ್ಲರದ್ದೂ ಚೆದುರಿತ್ತು. ಮೂರನೆಯದಕ್ಕೆ ಹನ್ನೊಂದೂ ಒಂದಾದವು. ಅಜ್ಜಿ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರು. ತಲೆ ಆಡಿಸಿದರು. ಆಮೇಲೆ ಪದ ಎತ್ತಿಕೊಂಡರು.